ನಿಮಗಿದು ಗೊತ್ತೇ? ಒಂದು ಹೆಸರೂ ಬಿಟ್ಟುಹೋಗದ ಹಬ್ಬ

ಫೆಬ್ರವರಿ 14 ಅಂದರೆ ನಮ್ಮಲ್ಲಿ ಕೆಂಗುಲಾಬಿ, ಕಾಲೇಜು ಹುಡುಗ-ಹುಡುಗಿಯರು ನೆನಪಾಗುತ್ತಾರೆ. ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಆ ದಿನದ ಬಣ್ಣವೇ ಬೇರೆ. ಆರು ವರ್ಷದ ಮಗು ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ಕಾಗದದ ಹೃದಯಗಳನ್ನು ಕತ್ತರಿಸುತ್ತದೆ, ಒಂದೊಂದರ ಮೇಲೂ ಒಬ್ಬೊಬ್ಬ ಸಹಪಾಠಿಯ ಹೆಸರು ಬರೆಯುತ್ತದೆ, ಆ ದಿನ ಶಾಲೆಗೆ ಒಯ್ದು ಹಂಚುತ್ತದೆ. ದೊಡ್ಡವರ ಪ್ರೇಮಿಗಳ ದಿನ, ಅಂದರೆ ವ್ಯಾಲೆಂಟೈನ್ಸ್ ಡೇ, ಮಕ್ಕಳ ಕೈಯಲ್ಲಿ ಗೆಳೆತನದ ದಿನವಾಗಿದೆ. ಅಂಗೈ ಅಗಲದ ಆ ಕಾರ್ಡಿನ ಹಿಂದೆ ಎಷ್ಟೆಲ್ಲ ಸಂಗತಿಗಳಿವೆ ನೋಡಿ.

ತರಗತಿಯ ಒಳಗೆ

● ಕೊಟ್ಟರೆ ಎಲ್ಲರಿಗೂ: ಅಮೆರಿಕದ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಈ ಕಾರ್ಡಿಗೆ ಒಂದು ಕಟ್ಟಳೆ ಇದೆ. ಕೊಡುವುದಾದರೆ ತರಗತಿಯ ಎಲ್ಲರಿಗೂ ಕೊಡಬೇಕು, ಇಲ್ಲವಾದರೆ ಯಾರಿಗೂ ಬೇಡ. ಇದಕ್ಕಾಗಿಯೇ ಟೀಚರ್ ಮುಂಚಿತವಾಗಿ ಎಲ್ಲ ಮಕ್ಕಳ ಹೆಸರಿನ ಪಟ್ಟಿಯನ್ನು ಮನೆಗೆ ಕಳಿಸುತ್ತಾರೆ. ಕಾರ್ಡ್ ಮಾಡುವ ಕೆಲಸ ಶುರುವಾಗುವುದು ಬಣ್ಣದ ಕಾಗದದಿಂದಲ್ಲ, ಈ ಪಟ್ಟಿಯಿಂದ.

● ಒಂದೇ ಕೋಣೆಯಲ್ಲಿ 552 ಕಾರ್ಡು: ತರಗತಿಯಲ್ಲಿ 24 ಮಕ್ಕಳಿದ್ದು, ಪ್ರತಿಯೊಬ್ಬರೂ ಉಳಿದ 23 ಮಂದಿಗೆ ಒಂದೊಂದು ಕಾರ್ಡ್ ಕೊಟ್ಟರೆ ಲೆಕ್ಕ ಎಷ್ಟಾಯಿತು? 24ನ್ನು 23ರಿಂದ ಗುಣಿಸಿ: 552! ಗುಣಾಕಾರ ಕಲಿಯುತ್ತಿರುವ ಮಗುವಿಗೆ ಈ ಲೆಕ್ಕ ಹಾಕಲು ಹೇಳಿ. ತಾನು ಮಾಡಿದ 23 ಎಷ್ಟು ದೊಡ್ಡ ರಾಶಿಯ ಪಾಲು ಎಂದು ಗೊತ್ತಾದಾಗ ಅದರ ಕಣ್ಣು ಅರಳುತ್ತದೆ.

● ಶೂ ಡಬ್ಬವೇ ಅಂಚೆಪೆಟ್ಟಿಗೆ: ಬಂದ ಕಾರ್ಡುಗಳನ್ನು ಹಾಕಿಕೊಳ್ಳಲು ಮಕ್ಕಳು ಹಳೆಯ ಶೂ ಡಬ್ಬಕ್ಕೆ ಬಣ್ಣದ ಕಾಗದ ಅಂಟಿಸಿ, ಮುಚ್ಚಳದಲ್ಲಿ ಉದ್ದಕ್ಕೆ ಸೀಳು ಮಾಡಿಕೊಳ್ಳುತ್ತಾರೆ. ಕೆಲವು ತರಗತಿಗಳಲ್ಲಿ ಡಬ್ಬದ ಬದಲು ಕಾಗದದ ಚೀಲವನ್ನು ಮೇಜಿಗೆ ಅಂಟಿಸಿರುತ್ತಾರೆ. ಮಕ್ಕಳು ಸಾಲಾಗಿ ನಡೆಯುತ್ತ ಒಂದೊಂದು ಪೆಟ್ಟಿಗೆಗೂ ಕಾರ್ಡ್ ಇಳಿಬಿಡುತ್ತಾರೆ. ಅಷ್ಟು ಹೊತ್ತು ಎಲ್ಲರೂ ಪೋಸ್ಟ್‌ಮ್ಯಾನ್‌ಗಳೇ!

● ಚಿಕ್ಕವರಿಗೆ ಸುಲಭ ದಾರಿ: ಇನ್ನೂ ಓದಲು ಬಾರದ ಮಕ್ಕಳ ತರಗತಿಗಳಲ್ಲಿ "ಯಾರಿಗೆ" ಎನ್ನುವ ಜಾಗ ಖಾಲಿ ಬಿಡಿ, "ಯಾರಿಂದ" ಎನ್ನುವಲ್ಲಿ ಮಾತ್ರ ಮಗುವಿನ ಹೆಸರು ಇರಲಿ ಎಂದು ಎಷ್ಟೋ ಟೀಚರ್‌ಗಳು ಕೇಳಿಕೊಳ್ಳುತ್ತಾರೆ. ಹಾಗಿದ್ದರೆ ಯಾವ ಕಾರ್ಡ್ ಯಾವ ಚೀಲಕ್ಕೆ ಎಂದು ಮಗು ಹುಡುಕುತ್ತ ನಿಲ್ಲಬೇಕಿಲ್ಲ. ತನ್ನ ಹೆಸರನ್ನು ಇಪ್ಪತ್ತು ಸಲ ಬರೆದ ಮಗುವಿಗೆ ಬೇರೆ ಕಾಪಿ ಪುಸ್ತಕವೂ ಬೇಕಿಲ್ಲ.

● ಮಿಠಾಯಿ ಬದಲು ಪೆನ್ಸಿಲ್: ಕಡಲೆಕಾಯಿ, ಹಾಲು, ಮೊಟ್ಟೆ ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ. ಒಮ್ಮೊಮ್ಮೆ ಜೀವಕ್ಕೇ ಅಪಾಯ. ಹಾಗಾಗಿ ಕಾರ್ಡಿನ ಜೊತೆ ಸಿಹಿ ಬೇಡ ಎನ್ನುವ ಶಾಲೆಗಳು ಬಹಳ. ಕಾರ್ಡಿನಲ್ಲಿ ಎರಡು ಸೀಳು ಮಾಡಿ ಪೆನ್ಸಿಲ್ ತೂರಿಸಿದರೆ ಅದೇ ಬಾಣ ಚುಚ್ಚಿದ ಹೃದಯ! ಸ್ಟಿಕ್ಕರ್, ರಬ್ಬರ್, ಹೂವಿನ ಬೀಜದ ಪೊಟ್ಟಣವೂ ಆದೀತು.

● ಚಾರ್ಲಿ ಬ್ರೌನ್‌ಗೆ ಬಂದ ಕಾರ್ಡುಗಳು: ಚಾರ್ಲ್ಸ್ ಶುಲ್ಜ್ ಅವರ "ಪೀನಟ್ಸ್" ವ್ಯಂಗ್ಯಚಿತ್ರ ಸರಣಿಯನ್ನು ಆಧರಿಸಿದ ಪ್ರೇಮಿಗಳ ದಿನದ ಕಾರ್ಟೂನ್ ಚಿತ್ರ 1975ರ ಜನವರಿಯಲ್ಲಿ ಅಮೆರಿಕದ ಟೀವಿಯಲ್ಲಿ ಬಂತು. ಅದರಲ್ಲಿ ಚಾರ್ಲಿ ಬ್ರೌನ್ ಎಂಬ ಹುಡುಗ ಬರಲಿರುವ ಕಾರ್ಡುಗಳನ್ನು ತುಂಬಿಕೊಳ್ಳಲು ಬ್ರೀಫ್‌ಕೇಸನ್ನೇ ಹಿಡಿದು ಶಾಲೆಗೆ ಹೋಗುತ್ತಾನೆ. ಒಂದೂ ಬರುವುದಿಲ್ಲ. ನೋಡಿದ ಮಕ್ಕಳಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಅವರು ಚಾರ್ಲಿ ಬ್ರೌನ್‌ಗೆಂದೇ ನಿಜವಾದ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿದರು! ಖಾಲಿ ಪೆಟ್ಟಿಗೆಯ ನೋವು ಏನೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

● ಎಣಿಕೆಗೆ ಸಿಗದ ಕಾರ್ಡುಗಳು: ಪ್ರೇಮಿಗಳ ದಿನಕ್ಕೆ ಅಮೆರಿಕದಲ್ಲಿ ಸುಮಾರು 14.5 ಕೋಟಿ ಕಾರ್ಡುಗಳು ಕೈ ಬದಲಾಯಿಸುತ್ತವೆ ಎಂಬುದು ಅಲ್ಲಿನ ಗ್ರೀಟಿಂಗ್ ಕಾರ್ಡ್ ಅಸೋಸಿಯೇಷನ್‌ನ ಅಂದಾಜು. ಮಕ್ಕಳು ತರಗತಿಯಲ್ಲಿ ಹಂಚುವ ಪೊಟ್ಟಣದ ಕಾರ್ಡುಗಳು ಈ ಲೆಕ್ಕಕ್ಕೆ ಸೇರಿಲ್ಲ. ಇನ್ನು ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದ ಕಾರ್ಡುಗಳನ್ನು ಎಣಿಸುವವರು ಯಾರು?

ಹಳೆಯ ಕಾಲದ ಕತೆ

● 1477ರ ಕಾಗದ: ಇಂಗ್ಲೆಂಡಿನ ನಾರ್ಫಕ್‌ನ ಮಾರ್ಜರಿ ಬ್ರೂಸ್ ಎಂಬ ಯುವತಿ ತಾನು ಮದುವೆಯಾಗಲಿದ್ದ ಜಾನ್ ಪ್ಯಾಸ್ಟನ್‌ಗೆ 1477ರ ಫೆಬ್ರವರಿಯಲ್ಲಿ ಕಾಗದ ಕಳಿಸಿದಳು. ಅವನನ್ನು "ವ್ಯಾಲೆಂಟೈನ್" ಎಂದು ಕರೆದ ಈ ಪತ್ರವೇ ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ವ್ಯಾಲೆಂಟೈನ್ ಪತ್ರ ಎನ್ನುತ್ತಾರೆ. ಇಂದು ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಮಾರ್ಜರಿ ಹೇಳಿದಳು, ಮನೆಯ ಬರಹಗಾರ ಬರೆದುಕೊಂಡ. ಇಂದು ಯುಕೆಜಿಯ ಮಗು ಯಾರ ನೆರವೂ ಇಲ್ಲದೆ ತನ್ನ ಹೆಸರು ತಾನೇ ಬರೆಯುತ್ತದೆ!

● ಒಂದು ಪೆನ್ನಿಯ ಪವಾಡ: ಬ್ರಿಟನ್ನಿನಲ್ಲಿ 1840ಕ್ಕೆ ಮುಂಚೆ ಕಾಗದದ ಅಂಚೆವೆಚ್ಚವನ್ನು ಸಾಮಾನ್ಯವಾಗಿ ಅದನ್ನು ಪಡೆದವರೇ ಕೊಡಬೇಕಿತ್ತು. ದೂರ ಹೆಚ್ಚಿದಷ್ಟೂ ದುಡ್ಡು ಹೆಚ್ಚು. 1840ರ ಜನವರಿ 10ರಿಂದ ದೇಶದೊಳಗೆ ಎಲ್ಲಿಗೆ ಕಳಿಸಿದರೂ ಹಗುರ ಕಾಗದಕ್ಕೆ ಒಂದೇ ಪೆನ್ನಿ ಎಂದಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಟು ಅಂಚೆಚೀಟಿ "ಪೆನ್ನಿ ಬ್ಲ್ಯಾಕ್" ಬಂತು. ಬಡವರೂ ಕಾರ್ಡ್ ಕಳಿಸುವಂತಾದರು.

● ವೂಸ್ಟರ್‌ನ ಎಸ್ತರ್: ಅಮೆರಿಕದ ವ್ಯಾಲೆಂಟೈನ್ ಕಾರ್ಡಿನ ತಾಯಿ ಎಂದು ಹೆಸರಾದವರು ಎಸ್ತರ್ ಹೌಲಂಡ್. ಹುಟ್ಟಿದ್ದು 1828ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ. ತಂದೆಯದು ಪುಸ್ತಕ, ಕಾಗದದ ಅಂಗಡಿ. ಇಂಗ್ಲೆಂಡಿನಿಂದ ಬಂದ ಒಂದು ಲೇಸ್ ಕಾರ್ಡ್ ನೋಡಿ, ಇದನ್ನು ನಾನೂ ಮಾಡಬಲ್ಲೆ ಎಂದುಕೊಂಡು ಮಾದರಿಗಳನ್ನು ಮಾಡಿ ಅಣ್ಣತಮ್ಮಂದಿರಲ್ಲಿ ಒಬ್ಬನ ಕೈಗಿತ್ತರು. 200 ಡಾಲರಿನ ಬೇಡಿಕೆ ಬಂದರೆ ಸಾಕೆಂದು ಕಾದವರ ಮುಂದೆ ಅವನು ತಂದಿಟ್ಟದ್ದು 5,000 ಡಾಲರಿನ ಬೇಡಿಕೆ ಎಂಬುದು ಪ್ರಸಿದ್ಧ ಕತೆ.

● ಮನೆಯೇ ಕಾರ್ಖಾನೆ: ಅಷ್ಟು ಕಾರ್ಡ್ ಒಬ್ಬರಿಂದ ಆಗುವ ಮಾತಲ್ಲ. ಎಸ್ತರ್ ಗೆಳತಿಯರನ್ನು ಕರೆದು ಮನೆಯಲ್ಲೇ ಸಾಲಾಗಿ ಕೂರಿಸಿದರು. ಒಬ್ಬಳು ಚಿತ್ರ ಕತ್ತರಿಸಿದರೆ ಇನ್ನೊಬ್ಬಳು ಲೇಸ್ ಅಂಟಿಸುವಳು, ಮತ್ತೊಬ್ಬಳು ಬಣ್ಣದ ಕಾಗದ ಕೂರಿಸುವಳು. ಇಂದು ಮನೆಗಳಲ್ಲಿ ಅಕ್ಕ ಕತ್ತರಿಸಿ, ತಮ್ಮ ಗೋಂದು ಹಚ್ಚಿ, ಅಜ್ಜಿ ಲಕೋಟೆಗೆ ಹಾಕುವ ಕ್ರಮವೂ ಇದೇ. 23 ಕಾರ್ಡ್ ಬೇಗ ಮುಗಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

● ಶಾಲೆಯಲ್ಲಿ ನಿಷೇಧ: ಎಸ್ತರ್ ಓದಿದ್ದು ಮೌಂಟ್ ಹೋಲಿಯೋಕ್ ಸೆಮಿನರಿಯಲ್ಲಿ. 1847ರಲ್ಲಿ ಓದು ಮುಗಿಸಿದರು. ಅದೇ ವರ್ಷ ಅಲ್ಲಿಗೆ ಸೇರಿದವಳು ಮುಂದೆ ಮಹಾಕವಿಯಾದ ಎಮಿಲಿ ಡಿಕಿನ್ಸನ್. ವ್ಯಾಲೆಂಟೈನ್ ಚೀಟಿ ಕಳಿಸಕೂಡದೆಂದು ಶಾಲೆಯ ಮುಖ್ಯಸ್ಥೆ ಮೇರಿ ಲಯನ್ ತಾಕೀತು ಮಾಡಿದ್ದನ್ನು ಎಮಿಲಿ 1848ರ ಫೆಬ್ರವರಿಯಲ್ಲಿ ಅಣ್ಣನಿಗೆ ಬರೆದ ಕಾಗದದಲ್ಲಿ ಹೇಳಿದ್ದಾಳೆ. ಅಂದು ಶಾಲೆ ಬೇಡವೆಂದದ್ದಕ್ಕೆ ಇಂದು ಶಾಲೆಯೇ ಹೆಸರಿನ ಪಟ್ಟಿ ಕೊಡುತ್ತಿದೆ.

● ಕಾಗದವಿಲ್ಲದೆ ನಿಂತ ಕಂಪನಿ: ಎಸ್ತರ್ 1880ರ ಸುಮಾರಿಗೆ ತಮ್ಮ ಉದ್ಯಮವನ್ನು ಅದೇ ಊರಿನ ಜಾರ್ಜ್ ವಿಟ್ನಿಗೆ ಮಾರಿದರು. ವಿಟ್ನಿ ಕಂಪನಿ ದಶಕಗಳ ಕಾಲ ನಡೆದು, ಎರಡನೇ ಮಹಾಯುದ್ಧದ ಕಾಗದದ ಅಭಾವಕ್ಕೆ ಸಿಕ್ಕಿ 1942ರಲ್ಲಿ ಮುಚ್ಚಿತು. ಹಳೆಯ ವ್ಯಾಲೆಂಟೈನ್ ಕಾರ್ಡುಗಳ ದೊಡ್ಡ ಸಂಗ್ರಹವನ್ನು ಇಂದಿಗೂ ವೂಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯಲ್ಲಿ ಕಾಣಬಹುದು.

● ಮಾತಾಡುವ ಮಿಠಾಯಿ: ಅಕ್ಷರ ಮೂಡಿದ ಹೃದಯದಾಕಾರದ ಪುಟ್ಟ ಮಿಠಾಯಿಗಳ ಬೇರು 1866ಕ್ಕೆ ಹೋಗುತ್ತದೆ. ಮಿಠಾಯಿ ಮೇಲೆ ಮಾತು ಅಚ್ಚೊತ್ತುವ ವಿಧಾನವನ್ನು ಆಗ ಬಾಸ್ಟನ್ನಿನ ಡೇನಿಯಲ್ ಚೇಸ್ ಕಂಡುಹಿಡಿದರು. ಈ ಮಿಠಾಯಿ ಮಾಡುತ್ತಿದ್ದ ನೆಕೋ ಕಂಪನಿ 2018ರಲ್ಲಿ ಮುಚ್ಚಿತು. 2019ರ ಫೆಬ್ರವರಿಯಲ್ಲಿ ಅಂಗಡಿಗಳಿಗೆ ಅದರ ಹೊಸ ಮಿಠಾಯಿ ಬರಲಿಲ್ಲ. ಸ್ಪ್ಯಾಂಗ್ಲರ್ ಎಂಬ ಇನ್ನೊಂದು ಕಂಪನಿ ಕೈಗೆತ್ತಿಕೊಂಡು 2020ಕ್ಕೆ ಮರಳಿ ತಂದಿತು.

ಮೇಜಿನ ಮೇಲಿನ ಸಾಮಾನು

● ಐದು ಸೆಂಟಿನ ಎಂಟು ಬಣ್ಣ: ಕ್ರಯೋಲಾ ಕ್ರೇಯಾನ್‌ಗಳ ಮೊದಲ ಡಬ್ಬಿ ಬಂದದ್ದು 1903ರಲ್ಲಿ. ಎಂಟು ಬಣ್ಣ, ಬೆಲೆ ಐದು ಸೆಂಟ್. ಕೆಂಪು ಇತ್ತು, ಗುಲಾಬಿ ಇರಲಿಲ್ಲ! ಹೆಸರಿಟ್ಟವರು ಕಂಪನಿಯ ಪಾಲುದಾರ ಎಡ್ವಿನ್ ಬಿನ್ನಿಯ ಹೆಂಡತಿ ಆಲಿಸ್. ಅವರು ಶಾಲೆಯಲ್ಲಿ ಪಾಠ ಮಾಡಿದವರು. ಫ್ರೆಂಚಿನಲ್ಲಿ "ಕ್ರೇ" ಅಂದರೆ ಸೀಮೆಸುಣ್ಣ.

● ಲಿಪ್‌ಸ್ಟಿಕ್ ಕೊಟ್ಟ ಉಪಾಯ: ಬುಡ ತಿರುಗಿಸಿದರೆ ಮೇಲೇಳುವ ಅಂಟುಕಡ್ಡಿ, ಅಂದರೆ ಗ್ಲೂ ಸ್ಟಿಕ್, ಮೊದಲು ಮಾರುಕಟ್ಟೆಗೆ ಬಂದದ್ದು 1969ರಲ್ಲಿ. ತಂದದ್ದು ಜರ್ಮನಿಯ ಹೆಂಕೆಲ್ ಕಂಪನಿ, ಹೆಸರು "ಪ್ರಿಟ್". ವಿಮಾನದಲ್ಲಿ ಹೆಂಗಸೊಬ್ಬರು ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದನ್ನು ಕಂಡಾಗ ಕಂಪನಿಯ ಸಂಶೋಧಕರಿಗೆ ಈ ಯೋಚನೆ ಹೊಳೆಯಿತಂತೆ. ದ್ರವದ ಗೋಂದು ಕಾಗದವನ್ನು ಸುಕ್ಕಾಗಿಸುತ್ತದೆ, ಕಡ್ಡಿ ಗೋಂದು ಹಾಗೆ ಮಾಡುವುದಿಲ್ಲ. ಚಿಕ್ಕ ಕೈಗಳಿಗೆ ಇದೇ ಸರಿ.

● ಗೋಂದಿನ ಡಬ್ಬಿಯ ಹೋರಿ: ಅಮೆರಿಕದ ಮಕ್ಕಳ ಬಿಳಿ ಗೋಂದು ಎಲ್ಮರ್ಸ್. ಎಲ್ಮರ್ ಎಂಬುದು ಹೋರಿಯ ಹೆಸರು. ಗೋಂದು ಮಾಡಿದ ಬೋರ್ಡನ್ ಹಾಲಿನ ಕಂಪನಿಯಾಗಿತ್ತು, ಅದರ ಜಾಹೀರಾತಿನ ಹಸು ಎಲ್ಸಿಯ ಗಂಡನೇ ಈ ಎಲ್ಮರ್!

● ಎಡಗೈ ಮಗುವಿನ ಕತ್ತರಿ: ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಮಾಮೂಲಿ ಕತ್ತರಿಯ ಅಲಗುಗಳು ಬಲಗೈಗೆ ತಕ್ಕಂತೆ ಜೋಡಿಸಿದವು. ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮುಚ್ಚುತ್ತದೆ, ಕಾಗದ ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ. "ನಿನಗೆ ಕತ್ತರಿಸಲು ಬರುವುದಿಲ್ಲ" ಎಂದು ಬೈಯುವ ಮೊದಲು ಒಮ್ಮೆ ಎಡಗೈ ಕತ್ತರಿ ಕೊಟ್ಟು ನೋಡಿ. ತಪ್ಪು ಮಗುವಿನದಲ್ಲ.

● ಗ್ಲಿಟರ್ ಬೇಡ: ಮಿಂಚುವ ಗ್ಲಿಟರ್ ಪುಡಿ ಬಹುಮಟ್ಟಿಗೆ ಪ್ಲಾಸ್ಟಿಕ್. ಕೈ ತೊಳೆದಾಗ ಅದು ನೀರಿನ ಜೊತೆ ಕೆರೆ, ಸಮುದ್ರ ಸೇರುತ್ತದೆ. ಯುರೋಪಿಯನ್ ಒಕ್ಕೂಟ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನು 2023ರ ಅಕ್ಟೋಬರಿನಿಂದ ನಿಷೇಧಿಸಿದೆ. ಕಾರ್ಡಿಗೆ ಮಿಂಚು ಬೇಕಿದ್ದರೆ ಚಾಕೊಲೇಟಿನ ಬೆಳ್ಳಿ ಕಾಗದವನ್ನು ಸಣ್ಣಗೆ ಕತ್ತರಿಸಿ ಅಂಟಿಸಿ.

● ಕೆಂಪು ಯಾಕೆ ಮಾಸುತ್ತದೆ?: ಶಾಲೆಯ ಅಗ್ಗದ ಬಣ್ಣದ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುತ್ತದೆ. ಬಿಸಿಲು, ಗಾಳಿಗೆ ಅದು ಹಳದಿಗೆ ತಿರುಗಿ ಕಾಗದ ಪುಡಿಯಾಗುತ್ತದೆ, ಬಣ್ಣವೂ ಹಾರುತ್ತದೆ. ಮಗುವಿನ ಮೊದಲ ಕಾರ್ಡನ್ನು ಉಳಿಸಿಕೊಳ್ಳಬೇಕೆಂದರೆ ಗೋಡೆಗೆ ಅಂಟಿಸಬೇಡಿ. ಪುಸ್ತಕದ ನಡುವೆ, ಕತ್ತಲಲ್ಲಿ ಇಡಿ.

ಕತ್ತರಿ ಹಿಡಿದಾಗ

● ಅರ್ಧ ಬರೆದರೆ ಪೂರ್ತಿ: ಹೃದಯದ ಎರಡು ಬದಿ ಒಂದೇ ಸಮ ಬರಲು ಕಾಗದವನ್ನು ನಡುವೆ ಮಡಚಿ, ಮಡಿಕೆಗೆ ತಾಗುವಂತೆ ಅರ್ಧ ಹೃದಯ ಬರೆದು ಕತ್ತರಿಸಬೇಕು. ಮಡಿಕೆಯ ಬದಿಯನ್ನು ಬಿಟ್ಟು ತೆರೆದ ಬದಿಗೆ ಬರೆದರೆ? ಕೈಗೆ ಬರುವುದು ಎರಡು ಅರ್ಧ ಹೃದಯ! ಮಗು ಒಮ್ಮೆ ಹಾಗೆ ತಪ್ಪಲಿ. ಸಮಮಿತಿಯ ಪಾಠವನ್ನು ಮತ್ತೆಂದೂ ಮರೆಯುವುದಿಲ್ಲ.

● ಚೌಕ ಒಂದು, ವೃತ್ತ ಒಂದು: ಹೃದಯ ಬರೆಯಲು ಬಾರದವರಿಗೂ ದಾರಿ ಇದೆ. ಚೌಕವೊಂದನ್ನು ಮೂಲೆ ಕೆಳಗೆ ಬರುವಂತೆ ತಿರುಗಿಸಿಡಿ. ಚೌಕದ ಬದಿಯಷ್ಟೇ ವ್ಯಾಸದ ವೃತ್ತವನ್ನು ಎರಡು ಹೋಳು ಮಾಡಿ, ಮೇಲಿನ ಎರಡು ಬದಿಗೆ ಒಂದೊಂದು ಹೋಳು ಅಂಟಿಸಿ. ಹೃದಯ ಸಿದ್ಧ!

● ಕೈ ಹಿಡಿದ ಹೃದಯಗಳು: ಉದ್ದನೆಯ ಪಟ್ಟಿಯನ್ನು ಬೀಸಣಿಗೆಯಂತೆ ಎಂಟು ಪದರಕ್ಕೆ ಮಡಚಿ, ಬಿಡಿ ತುದಿಗಳಿಲ್ಲದ ಮಡಿಕೆಯ ಬದಿಗೆ ಅರ್ಧ ಹೃದಯ ಬರೆಯಿರಿ. ಅದರ ಹೊಟ್ಟೆ ಎದುರಿನ ಅಂಚನ್ನು ಮುಟ್ಟುತ್ತಿರಲಿ, ಅಷ್ಟು ಜಾಗ ಮಾತ್ರ ಕತ್ತರಿಸದೆ ಬಿಡಿ. ಬಿಚ್ಚಿದರೆ ನಾಲ್ಕು ಹೃದಯಗಳ ಸರ.

● ಕಾಣದ ಮಾತು: ಬಿಳಿ ಕಾಗದದ ಮೇಲೆ ಬಿಳಿ ಕ್ರೇಯಾನಿನಿಂದ ಗೆಳೆಯನ ಹೆಸರು ಬರೆಯಿರಿ. ಏನೂ ಕಾಣುವುದಿಲ್ಲ. ಮೇಲೆ ತೆಳ್ಳಗಿನ ಜಲವರ್ಣ ಹಚ್ಚಿದ ಕೂಡಲೇ ಹೆಸರು ಬೆಳ್ಳಗೆ ಎದ್ದು ನಿಲ್ಲುತ್ತದೆ. ಕ್ರೇಯಾನಿನ ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ, ಅಷ್ಟೇ ಗುಟ್ಟು.

● ದಿನಕ್ಕೆ ನಾಲ್ಕು: 23 ಕಾರ್ಡನ್ನು ಒಂದೇ ಸಂಜೆ ಮಾಡಿಸಹೊರಟರೆ ಹತ್ತನೆಯದಕ್ಕೆ ಮಗು ಸೋಲುತ್ತದೆ, ಹದಿನೈದನೆಯದಕ್ಕೆ ಅಮ್ಮ ಕತ್ತರಿ ಕಸಿದುಕೊಳ್ಳುತ್ತಾಳೆ. ದಿನಕ್ಕೆ ನಾಲ್ಕರಂತೆ ಆರು ದಿನ ಮಾಡಿ. 24 ಆಗುತ್ತದೆ, ಟೀಚರ್‌ಗೂ ಒಂದು ಸಿಕ್ಕಿತು. ಮುಗಿದ ಹೆಸರಿನ ಮುಂದೆ ಮಗುವೇ ಗುರುತು ಹಾಕಲಿ.

ಬೇರೆ ನಾಡು, ಬೇರೆ ಊರುಗಳಲ್ಲಿ

● ಗೆಳೆಯರ ದಿನ: ಫಿನ್ಲೆಂಡಿನಲ್ಲಿ ಫೆಬ್ರವರಿ 14ರ ಹೆಸರು "ಯುಸ್ತಾವನ್‌ಪೈವಾ". ಅರ್ಥ, ಗೆಳೆಯರ ದಿನ. ನೆರೆಯ ಎಸ್ಟೋನಿಯದಲ್ಲೂ ಹೆಸರು ಅದೇ ಅರ್ಥದ್ದು. ಅಲ್ಲಿ ಕಾರ್ಡ್ ಹೋಗುವುದು ಪ್ರೇಮಿಗಿಂತ ಮೊದಲು ಗೆಳೆಯರಿಗೆ.

● ಚುಕ್ಕಿಯ ಸಹಿ: ಡೆನ್ಮಾರ್ಕಿನ ಮಕ್ಕಳು ಈಸ್ಟರ್ ಸಮಯದಲ್ಲಿ ಕಾಗದ ಮಡಚಿ ಜಾಲರಿಯಂತೆ ಕತ್ತರಿಸಿ "ಗೆಕ್ಕೆಬ್ರೆವ್" ಎಂಬ ಪತ್ರ ಮಾಡುತ್ತಾರೆ. ಹೆಸರಿನ ಜಾಗದಲ್ಲಿ ಅಕ್ಷರಕ್ಕೊಂದು ಚುಕ್ಕಿ. ಯಾರು ಬರೆದದ್ದೆಂದು ಪಡೆದವರು ಹೇಳಲಾಗದಿದ್ದರೆ ಈಸ್ಟರ್ ಮೊಟ್ಟೆ ಕೊಡಬೇಕು!

● ಆಂಡರ್ಸನ್‌ನ ಕತ್ತರಿ: ಮಕ್ಕಳ ಕತೆಗಳ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಕಾಗದ ಕತ್ತರಿಸುವುದರಲ್ಲೂ ನಿಪುಣ. ಎರಡು ಬಣ್ಣದ ಪಟ್ಟಿಗಳನ್ನು ಚಾಪೆಯಂತೆ ಹೆಣೆದು ಮಾಡುವ ಡೇನಿಷ್ ಹೃದಯಗಳಲ್ಲಿ ಉಳಿದಿರುವ ಅತಿ ಹಳೆಯದು 1860ರ ಸುಮಾರಿಗೆ ಅವನೇ ಮಾಡಿದ್ದು ಎನ್ನುತ್ತಾರೆ.

● ಲವ್‌ಲ್ಯಾಂಡ್ ಎಂಬ ಊರು: ಕೊಲೊರಾಡೊ ರಾಜ್ಯದ ಲವ್‌ಲ್ಯಾಂಡ್ ಊರಿಗೆ ದೇಶವಿದೇಶಗಳಿಂದ ಪ್ರತಿವರ್ಷ ಲಕ್ಷಕ್ಕೂ ಹೆಚ್ಚು ಕಾರ್ಡುಗಳು ಬರುತ್ತವೆ. ಅಲ್ಲಿನ ಸ್ವಯಂಸೇವಕರು ಊರಿನ ಹೆಸರಿನ ಮುದ್ರೆಯನ್ನು ಕೈಯಿಂದ ಒತ್ತಿ ಮುಂದಕ್ಕೆ ಕಳಿಸುತ್ತಾರೆ. 1947ರಲ್ಲಿ ಶುರುವಾದ ಕೆಲಸ ಇನ್ನೂ ನಡೆದಿದೆ.

● ಆಸ್ಪತ್ರೆಗೂ ಕಾರ್ಡ್: ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಫೆಬ್ರವರಿ 14ರ ವಾರವನ್ನು ಒಳರೋಗಿಗಳಿಗೆ ಗೌರವ ತೋರುವ ವಾರವಾಗಿ ಆಚರಿಸುತ್ತವೆ. ಶಾಲಾಮಕ್ಕಳ ಕಾರ್ಡುಗಳು ಗುರುತೇ ಇಲ್ಲದ ಅಜ್ಜಂದಿರ ಮಂಚದ ಪಕ್ಕ ಸೇರುತ್ತವೆ.

ನಮ್ಮ ಮನೆಯ ಮೇಜಿಗೆ

● ಎಳ್ಳು ಬೆಲ್ಲದ ಲೆಕ್ಕ: ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೂ ಈ ಹೆಸರಿನ ಪಟ್ಟಿ ಬರುತ್ತದೆ. ಸಂಕ್ರಾಂತಿ ಮುಗಿದು ಆಗಷ್ಟೇ ಒಂದು ತಿಂಗಳು. ಎಳ್ಳು ಬೀರುವಾಗ ಬೀದಿಯ ಒಂದು ಮನೆಯನ್ನೂ ಬಿಡದ, ಉತ್ತರ ಕರ್ನಾಟಕದಲ್ಲಾದರೆ ದಸರೆಗೆ ಕಂಡಕಂಡವರ ಕೈಗೆಲ್ಲ ಬನ್ನಿ ಬಂಗಾರ ಕೊಟ್ಟು ಬಂದ ಅಜ್ಜಿಗೆ, "ಎಲ್ಲರಿಗೂ ಯಾಕೆ ಕೊಡಬೇಕು?" ಎಂದು ಮೊಮ್ಮಗಳು ಕೇಳಿದರೆ ಉತ್ತರ ಹುಡುಕಬೇಕಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುವುದು ನಮ್ಮಲ್ಲಿ ಗೊತ್ತಿರುವ ಮಾತೇ. ಪಟ್ಟಿಯಲ್ಲಿ ಜುಟ್ಟು ಎಳೆಯುವ ಹುಡುಗನ ಹೆಸರೂ ಇರುತ್ತದೆ. ಅವನ ಕಾರ್ಡಿಗೂ ಅಷ್ಟೇ ಕೆಂಪು ಹಚ್ಚಬೇಕು.

● ತಿರುಗಿ ನಿಂತ ಅಕ್ಷರ: ಐದಾರು ವರ್ಷದ ಮಕ್ಕಳು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಸಹಜ. ಸಾಮಾನ್ಯವಾಗಿ ಏಳು ವರ್ಷದ ಸುಮಾರಿಗೆ ಅದು ತಾನಾಗಿ ಸರಿಹೋಗುತ್ತದೆ. ಆದ್ದರಿಂದ ಕಾರ್ಡಿನ ಮೇಲಿನ ಹೆಸರನ್ನು ಅಳಿಸಿ ನೀವು ಚೆಂದಾಗಿ ಬರೆಯಬೇಡಿ. ಅದನ್ನು ಪಡೆಯುವ ಸಹಪಾಠಿಯ ಅಕ್ಷರವೂ ಹಾಗೇ ಇದೆ, ಓದಿಕೊಳ್ಳಲು ಅವನಿಗೇನೂ ಕಷ್ಟವಿಲ್ಲ. ಪ್ರತಿವರ್ಷ ಮಗು ಬರೆದ ಒಂದು ಕಾರ್ಡನ್ನು ಹೆಚ್ಚಿಗೆ ಮಾಡಿಸಿ ಎತ್ತಿಡಿ. ಮುಂದೊಂದು ದಿನ ಅವನ್ನು ಸಾಲಾಗಿ ಹರಡಿ ನೋಡಿದರೆ, ತಿರುಗಿ ನಿಂತಿದ್ದ ಅಕ್ಷರ ಯಾವ ಫೆಬ್ರವರಿಯಲ್ಲಿ ನೆಟ್ಟಗಾಯಿತು ಎಂದು ಬೆರಳಿಟ್ಟು ತೋರಿಸಬಹುದು.